ಅರ್ಧ ದಿನ ಅಂದರೆ ಯಾವ ಅರ್ಧ?

ಬಜೆಟ್ ಕರಡಿನಲ್ಲಿ ನನ್ನ ಹುದ್ದೆಯ ಎದುರಿಗೆ ಯಾರೋ ಪೆನ್ಸಿಲ್‌ನಲ್ಲಿ ಒಂದು ಗೆರೆ ಎಳೆದು, ಪಕ್ಕದಲ್ಲಿ ‘ಅರ್ಧ ದಿನ ಸಾಕಲ್ಲವೇ?’ ಎಂದು ಬರೆದಿದ್ದರು. ಮುಖ್ಯೋಪಾಧ್ಯಾಯಿನಿಯವರು ಆ ಹಾಳೆಯನ್ನು ನನ್ನ ಕೈಗಿಟ್ಟು, “ಸಿಸ್ಟರ್, ಮುಂದಿನ ಸಭೆಗೆ ಆರು ವಾರ ಇದೆ. ಆಡಳಿತ ಮಂಡಳಿಯವರು ನಿಮಗೆ ಹತ್ತು ನಿಮಿಷ ಕೊಡ್ತಾರೆ. ನಿಮ್ಮ ಕೆಲಸದ ಬಗ್ಗೆ ನೀವೇ ಬಂದು ಹೇಳಿದರೆ ಒಳ್ಳೇದು” ಅಂದರು. ಶಾಲಾ ನರ್ಸ್ ಆಗಿ ಒಂಬತ್ತು ವರ್ಷ ಕೆಲಸ ಮಾಡಿದ್ದರೂ ಮಂಡಳಿಯ ಸಭೆಯ ಬಾಗಿಲನ್ನು ನಾನು ಒಮ್ಮೆಯೂ ದಾಟಿರಲಿಲ್ಲ.

ಆ ರಾತ್ರಿಯೇ ಕೂತು ನಾಲ್ಕು ಪುಟ ಬರೆದೆ. ಪ್ರಥಮ ಚಿಕಿತ್ಸೆ, ಔಷಧಿ ಕೊಡುವುದು, ಎತ್ತರ-ತೂಕ, ದೃಷ್ಟಿ ಪರೀಕ್ಷೆ, ಲಸಿಕೆಯ ದಾಖಲೆ, ಹೇನು-ಕಜ್ಜಿಯ ತಪಾಸಣೆ, ಪಾಲಕರ ಜೊತೆ ಮಾತುಕತೆ ಎಲ್ಲವೂ ಅದರಲ್ಲಿತ್ತು. ಗಟ್ಟಿಯಾಗಿ ಓದಿದರೆ ಹದಿನೆಂಟು ನಿಮಿಷ ಹಿಡಿಯಿತು. ಎರಡನೇ ಸಲ ಓದುವಾಗ ನನಗೇ ತಿಳಿಯಿತು, ಇದನ್ನು ಕೇಳಿದವರಿಗೆ ಅರ್ಥವಾಗುವುದು ಒಂದೇ ಸಂಗತಿ: ಈಕೆಗೆ ತುಂಬ ಕೆಲಸ ಇದೆ. ಶಾಲೆಯಲ್ಲಿ ತುಂಬ ಕೆಲಸ ಇಲ್ಲದವರು ಯಾರಿದ್ದಾರೆ? ಆ ಪಟ್ಟಿ ಕೇಳಿ ಯಾರೂ ಪೆನ್ಸಿಲ್ ಗೆರೆ ಅಳಿಸುವುದಿಲ್ಲ.

ಮರುದಿನ ಆರೋಗ್ಯ ಕೊಠಡಿಯ ರಿಜಿಸ್ಟರ್ ತೆಗೆದು ಮಂಡಳಿಯವರ ಕಣ್ಣಿನಿಂದ ನೋಡಲು ಪ್ರಯತ್ನಿಸಿದೆ. ಅದರಲ್ಲಿದ್ದ ಕಾಲಂಗಳು ನಾಲ್ಕು: ದಿನಾಂಕ, ಮಗುವಿನ ಹೆಸರು, ತೊಂದರೆ, ಕೊಟ್ಟ ಚಿಕಿತ್ಸೆ. ‘ಮೊಣಕಾಲು ತರಚಿದೆ, ತೊಳೆದು ಪಟ್ಟಿ ಹಾಕಿದೆ.’ ‘ತಲೆನೋವು, ವಿಶ್ರಾಂತಿ.’ ‘ಹೊಟ್ಟೆನೋವು, ವಿಶ್ರಾಂತಿ.’ ಒಂಬತ್ತು ವರ್ಷ ನನ್ನ ಕೈಯಾರೆ ಬರೆದ ಪುಸ್ತಕವೇ ‘ಈಕೆ ಪಟ್ಟಿ ಕಟ್ಟುತ್ತಾಳೆ, ಮಲಗಿಸುತ್ತಾಳೆ’ ಎಂದು ಸಾಕ್ಷಿ ಹೇಳುತ್ತಿತ್ತು. ಆ ಮಗು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ಹೋಯಿತು, ಹೋದದ್ದು ತರಗತಿಗೋ ಮನೆಗೋ ಆಸ್ಪತ್ರೆಗೋ, ಯಾವುದೂ ಅಲ್ಲಿರಲಿಲ್ಲ. ತಲೆನೋವು ಅಂತ ಬಂದ ಮಗುವಿನ ಜ್ವರ ನೋಡಿ, ಕುತ್ತಿಗೆ ಬಿಗಿದಿದೆಯೇ ಪರೀಕ್ಷಿಸಿ, ಬೆಳಿಗ್ಗೆ ಏನಾದರೂ ತಿಂದಿದೆಯೇ ಕೇಳಿ, ಆಟದಲ್ಲಿ ತಲೆಗೆ ಪೆಟ್ಟು ಬಿದ್ದಿಲ್ಲ ಎಂದು ಖಾತ್ರಿ ಮಾಡಿಕೊಂಡು, ಕಾಲು ಗಂಟೆಯಲ್ಲಿ ತರಗತಿಗೆ ವಾಪಸ್ ಕಳಿಸಿರುತ್ತೇನೆ. ನನ್ನ ಓದು, ತರಬೇತಿ ಎಲ್ಲ ಉಪಯೋಗಕ್ಕೆ ಬರುವುದು ಆ ಕಾಲು ಗಂಟೆಯಲ್ಲಿ. ಅದನ್ನೇ ನಾನು ಬರೆದಿಟ್ಟಿರಲಿಲ್ಲ.

ಅವತ್ತೇ ಮೂರು ಕಾಲಂ ಸೇರಿಸಿದೆ: ಬಂದ ಸಮಯ, ಹೊರಟ ಸಮಯ, ಎಲ್ಲಿಗೆ. ಆರರಲ್ಲಿ ನಾಲ್ಕು ವಾರ ತಪ್ಪದೆ ತುಂಬಿಸಿದೆ. ಗದ್ದಲದ ಹೊತ್ತಿನಲ್ಲಿ ಗಡಿಯಾರ ನೋಡಿ ಬರೆಯುವುದು ಸುಲಭವಲ್ಲ, ಎರಡು ಮೂರು ದಿನ ಬೇಸರವೂ ಬಂತು. ಆದರೂ ನಾಲ್ಕನೇ ವಾರ ಮುಗಿಯುವಾಗ ಆ ಮೂರು ಕಾಲಂಗಳು ನನ್ನ ನಾಲ್ಕು ಪುಟಕ್ಕಿಂತ ಜಾಸ್ತಿ ಮಾತಾಡುತ್ತಿದ್ದವು. ಬಂದ ಮಕ್ಕಳಲ್ಲಿ ಬಹುಪಾಲು ಮಂದಿ ತರಗತಿಗೇ ಮರಳಿದ್ದರು.

ಅದೇ ತಿಂಗಳು ಎರಡು ದಿನ ನಾನು ತರಬೇತಿಗೆ ಹೋಗಬೇಕಾಗಿ ಬಂದಿತ್ತು. ಕಚೇರಿಯ ಗುಮಾಸ್ತರನ್ನು ಕೇಳಿಕೊಂಡೆ: “ಮಕ್ಕಳು ಬಂದರೆ ಇದೇ ಕಾಲಂಗಳಲ್ಲಿ ಬರೆದಿಡಿ ಸರ್.” ಅವರು ಚಾಚೂ ತಪ್ಪದೆ ಬರೆದಿಟ್ಟಿದ್ದರು. ಆ ಎರಡು ದಿನದಲ್ಲಿ ಮನೆಗೆ ಹೋದ ಮಕ್ಕಳು 11. ಅದರ ಹಿಂದಿನ ಇಡೀ ವಾರ ನಾನು ಮನೆಗೆ ಕಳಿಸಿದ್ದು 4. ಗುಮಾಸ್ತರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಹೊಟ್ಟೆ ಹಿಡಿದುಕೊಂಡು ನಿಂತ ಮಗುವಿಗೆ ‘ಏನೂ ಆಗಿಲ್ಲ, ತರಗತಿಗೆ ಹೋಗು’ ಎಂದು ಹೇಳುವ ಹೊಣೆಯನ್ನು ಅವರು ಯಾವ ಧೈರ್ಯದ ಮೇಲೆ ಹೊರಬೇಕು? ಅಪ್ಪ-ಅಮ್ಮನಿಗೆ ಫೋನ್ ಮಾಡುವುದೇ ಅವರಿಗಿದ್ದ ಸರಿಯಾದ ದಾರಿ. ಮಗುವಿಗೆ ಅರ್ಧ ದಿನದ ಪಾಠ ಹೋಯಿತು, ಒಬ್ಬ ಪಾಲಕರಿಗೆ ಅರ್ಧ ದಿನದ ಕೆಲಸ ಹೋಯಿತು. ಎರಡು ದಿನದ ಲೆಕ್ಕ ತೀರಾ ಚಿಕ್ಕದು ಅನ್ನುವುದು ನನಗೂ ಗೊತ್ತಿತ್ತು. ಸಭೆಯಲ್ಲಿ ಬೇರೆಯವರು ಹೇಳುವ ಮೊದಲು ಅದನ್ನು ನಾನೇ ಹೇಳಿದೆ.

ಇನ್ನು ಸಮಯದ ಕಾಲಂ. ದಿನವನ್ನು ಗಂಟೆಗಳಾಗಿ ಭಾಗ ಮಾಡಿ, ಪ್ರತಿ ಗಂಟೆಗೆ ಎಷ್ಟು ಮಕ್ಕಳು ಬಂದರು ಎಂದು ಚೌಕದ ಹಾಳೆಯಲ್ಲಿ ಕಂಬ ಎಳೆದೆ. ಬೆಳಗಿನ ಹೊತ್ತಿನ ಕಂಬದಲ್ಲಿ ಉಬ್ಬಸದ ಮಕ್ಕಳು ಹೆಚ್ಚು. ಮಧ್ಯಾಹ್ನದ ಬಿಡುವಿನಲ್ಲಿ ಮತ್ತು ಸಂಜೆ ಆಟದ ಅವಧಿಯಲ್ಲಿ ಬಿದ್ದವರು, ಉಳುಕಿಸಿಕೊಂಡವರು, ತಲೆಗೆ ಪೆಟ್ಟು ತಗುಲಿಸಿಕೊಂಡವರು. ಸಕ್ಕರೆ ಕಾಯಿಲೆ ಇರುವ ಹುಡುಗನಿಗೆ ಇನ್ಸುಲಿನ್ ಕೊಡಬೇಕಾದ್ದು ಊಟಕ್ಕೆ ಮುಂಚೆ, ಅಂದರೆ ಎರಡು ಅರ್ಧಗಳು ಕೂಡುವ ಜಾಗದಲ್ಲೇ. ಅರ್ಧ ದಿನ ಅಂದರೆ ಯಾವ ಅರ್ಧ? ಆ ಹಾಳೆ ನೋಡುತ್ತ ಕೂತಾಗ ಈ ಪ್ರಶ್ನೆ ಹೊಳೆಯಿತು. ಹತ್ತು ನಿಮಿಷದ ಮಾತಿಗೆ ಇದಕ್ಕಿಂತ ಗಟ್ಟಿಯಾದ ಬೆನ್ನೆಲುಬು ಸಿಗುವುದಿಲ್ಲ ಅನ್ನಿಸಿತು.

ಆ ಹುಡುಗನ ಕಥೆಯನ್ನು ಸಭೆಯಲ್ಲಿ ಹೇಳಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ಮೊದಲ ಸಲ ಅವನು ಬಂದದ್ದು ಹೊಟ್ಟೆನೋವು ಅಂತ. ಕೆಲವು ದಿನ ಬಿಟ್ಟು ‘ಸುಸ್ತು’ ಅಂತ. ಮೂರನೇ ಸಲ ತರಗತಿಯ ಶಿಕ್ಷಕಿಯೇ ಚೀಟಿ ಕೊಟ್ಟು ಕಳಿಸಿದ್ದರು: ಪಾಠದ ಮಧ್ಯೆ ಪದೇ ಪದೇ ಮೂತ್ರಕ್ಕೆ ಹೋಗುತ್ತಾನೆ, ಸ್ವಲ್ಪ ವಿಚಾರಿಸಿ ಎಂದು. ಅವನ ಕೈಯಲ್ಲಿ ಖಾಲಿ ನೀರಿನ ಬಾಟಲಿ ಇತ್ತು. ನನ್ನೆದುರೇ ತುಂಬಿಸಿಕೊಂಡು ಒಂದೇ ಉಸಿರಿಗೆ ಅರ್ಧ ಕುಡಿದ. ತೂಕದ ಯಂತ್ರದ ಮೇಲೆ ನಿಲ್ಲಿಸಿ, ವರ್ಷದ ಆರಂಭದ ಎತ್ತರ-ತೂಕದ ಪಟ್ಟಿ ತೆಗೆದು ನೋಡಿದೆ. ಮೂರು ಕಿಲೋ ಕಡಿಮೆಯಾಗಿದ್ದ. ಬೆಳೆಯುವ ಮಗುವಿನ ತೂಕ ಏರಬೇಕೇ ಹೊರತು ಇಳಿಯಬಾರದು. ಬೆರಳು ಚುಚ್ಚಿ ಗ್ಲುಕೋಮೀಟರ್‌ಗೆ ರಕ್ತದ ಹನಿ ತಾಗಿಸಿದರೆ ಅಂಕಿ ಬರಲೇ ಇಲ್ಲ, ‘ಹೈ’ ಅಂತ ಬಂತು. ಆ ಯಂತ್ರ ಅಳೆಯಬಲ್ಲ ಮಿತಿಯನ್ನೇ ಸಕ್ಕರೆ ದಾಟಿತ್ತು. ಒಂದನೇ ವಿಧದ ಮಧುಮೇಹ ಮಕ್ಕಳಲ್ಲಿ ಹೀಗೇ ಶುರುವಾಗುತ್ತದೆ: ಬಾಯಾರಿಕೆ, ಮೂತ್ರ, ತೂಕ ಇಳಿಕೆ, ಸುಸ್ತು. ಇನ್ಸುಲಿನ್ ಸಿಗದೆ ಹೋದರೆ ರಕ್ತ ಆಮ್ಲವಾಗುತ್ತ ಹೋಗಿ ಹೊಟ್ಟೆನೋವು, ವಾಂತಿ ಕಾಣಿಸಿಕೊಳ್ಳುತ್ತವೆ. ಅದನ್ನು ಅಜೀರ್ಣ ಎಂದುಕೊಂಡು ಒಂದು ದಿನ ಕಾದರೂ ಮಗು ಪ್ರಜ್ಞೆ ತಪ್ಪಬಹುದು. ಅವತ್ತೇ ಅವನನ್ನು ಆಸ್ಪತ್ರೆಗೆ ಸೇರಿಸಿದರು.

ಇದಕ್ಕಿಂತ ದೊಡ್ಡ ಉದಾಹರಣೆ ನನ್ನ ಬಳಿ ಇರಲಿಲ್ಲ. ಆದರೆ ಅದು ನನ್ನ ಸ್ವತ್ತಲ್ಲ, ಆ ಮಗುವಿನದು. ಹೆಸರು ಬಿಟ್ಟು ಹೇಳಿದರೂ ಒಂದೇ ಶಾಲೆಯೊಳಗೆ ಯಾರೆಂದು ಊಹಿಸುವುದು ಕಷ್ಟವಲ್ಲ. ನನ್ನ ಹುದ್ದೆ ಉಳಿಸಿಕೊಳ್ಳಲು ಮಗುವಿನ ಗುಟ್ಟನ್ನು ಬಳಸಿದರೆ ನಾನು ನರ್ಸ್ ಆಗಿ ಉಳಿದೂ ಏನು ಫಲ? ಅವನ ತಾಯಿಯನ್ನು ಕರೆದು ವಿಷಯ ತಿಳಿಸಿ, ‘ಬೇಡ ಅಂದರೆ ಖಂಡಿತ ಹೇಳುವುದಿಲ್ಲ’ ಅಂದೆ. ಎರಡು ದಿನ ಬಿಟ್ಟು ಫೋನ್ ಮಾಡಿದರು. “ಹೆಸರು, ತರಗತಿ ಹೇಳಬೇಡಿ ಸಿಸ್ಟರ್. ಉಳಿದದ್ದು ಹೇಳಿ. ತೂಕ ನೋಡಿದ್ದು ಮಾತ್ರ ಮರೀಬೇಡಿ. ಮನೇಲಿ ದಿನಾ ನೋಡ್ತಾ ಇದ್ದ ನಮಗೇ ಅವನು ಸೊರಗಿದ್ದು ಕಾಣಲಿಲ್ಲ.”

ಅಧ್ಯಯನದ ಅಂಕಿಗಳನ್ನೂ ಹುಡುಕಿದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ 933 ಶಾಲೆಗಳ 2009–10ರ ಸಾಲಿನ ಲೆಕ್ಕ ಹಿಡಿದು ಮಾಡಿದ ಒಂದು ಅಧ್ಯಯನ 2014ರಲ್ಲಿ ಅಲ್ಲಿನ ಮಕ್ಕಳ ವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಗಿತ್ತು. ಶಾಲಾ ನರ್ಸ್‌ಗಳಿಗಾದ ವೆಚ್ಚ 7.9 ಕೋಟಿ ಡಾಲರ್. ಉಳಿತಾಯದಲ್ಲಿ ಚಿಕಿತ್ಸೆಯ ಖರ್ಚು 2 ಕೋಟಿ, ಪಾಲಕರ ದುಡಿಮೆಯ ಸಮಯ 2.81 ಕೋಟಿ, ಶಿಕ್ಷಕರ ಸಮಯ 12.91 ಕೋಟಿ. ಖರ್ಚಾದ ಪ್ರತಿ ಡಾಲರ್‌ಗೆ 2.20 ಡಾಲರ್ ಉಳಿತಾಯ. ಮೊದಲು ನಾನು ಆ 2.20ನ್ನೇ ದೊಡ್ಡ ಅಕ್ಷರದಲ್ಲಿ ಬರೆದುಕೊಂಡಿದ್ದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಶಿಕ್ಷಕರ ಸಮಯ. ಒಟ್ಟು ಉಳಿತಾಯದ ಮುಕ್ಕಾಲು ಪಾಲಿನಷ್ಟು ಅದೊಂದರದ್ದೇ! ನರ್ಸ್ ಇಲ್ಲದ ಶಾಲೆಯಲ್ಲಿ ಮಗುವಿನ ಕಾಯಿಲೆ ನೋಡಿಕೊಳ್ಳುವವರು ಪಾಠ ಮಾಡಬೇಕಾದವರೇ. ಇದು ಯಾವ ಊರಿನ ಶಾಲೆಗೂ ಸಲ್ಲುವ ಮಾತು.

ಸಭೆಯ ದಿನ ರಿಜಿಸ್ಟರ್ ಮತ್ತು ಒಂದೇ ಒಂದು ಹಾಳೆ ಹಿಡಿದುಕೊಂಡು ಹೋದೆ. ಹಾಳೆಯ ಒಂದು ಬದಿ ಗಂಟೆಗಳ ಕಂಬ, ಇನ್ನೊಂದು ಬದಿ ನಾಲ್ಕು ವಾರದ ‘ಎಲ್ಲಿಗೆ’ ಕಾಲಂನ ಮೊತ್ತ. ಮಕ್ಕಳ ಹೆಸರಿನ ಕಾಲಂ ಮೇಲೆ ಬಿಳಿ ಕಾಗದ ಅಂಟಿಸಿ ರಿಜಿಸ್ಟರ್‌ನ ಒಂದು ಪುಟ ತೆರೆದಿಟ್ಟೆ. ಆ ಹುಡುಗನ ಕಥೆ ಹೇಳುವಾಗ ತೂಕದ ಮಾತು ಬಂದಲ್ಲಿ ಅಧ್ಯಕ್ಷರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ಕೇಳುತ್ತಿದ್ದರು.

ಅಷ್ಟು ಚೆನ್ನಾಗಿ ಸಾಗುತ್ತಿದ್ದ ಮಾತಿನ ನಡುವೆ ನಾನು ಒಂದು ತಪ್ಪು ಮಾಡಿದೆ. ಸದಸ್ಯರೊಬ್ಬರು, “ತುರ್ತು ಅಂದರೆ ಆಂಬುಲೆನ್ಸ್ ಕರೆಸಬಹುದಲ್ಲ?” ಎಂದು ಕೇಳಿದರು. ನನಗೆ ಕೋಪ ಬಂತು. “ಅಷ್ಟರಲ್ಲಿ ಮಗುವಿಗೆ ಏನಾದರೂ ಆದರೆ ಹೊಣೆ ಯಾರದು? ನಿಮ್ಮದಾ?” ಅಂದುಬಿಟ್ಟೆ. ಅವರು ಉತ್ತರ ಕೊಡಲಿಲ್ಲ, ಎದುರಿಗಿದ್ದ ಹಾಳೆಯನ್ನು ಮಡಚಿಟ್ಟರು. ಕೋಣೆಯ ಗಾಳಿಯೇ ಬದಲಾದಂತಾಯಿತು. ನಿಜವಾಗಿ ಕೇಳಿದರೆ ಅದು ನ್ಯಾಯವಾದ ಪ್ರಶ್ನೆ, ಅದಕ್ಕೆ ನೇರ ಉತ್ತರವೂ ನನ್ನ ಬಳಿ ಇತ್ತು. ಸುಧಾರಿಸಿಕೊಂಡು, “ಕ್ಷಮಿಸಿ ಸರ್, ನಾನು ಹಾಗೆ ಹೇಳಬಾರದಿತ್ತು” ಎಂದು ಮತ್ತೆ ಶುರು ಮಾಡಿದೆ. ತೀವ್ರ ಅಲರ್ಜಿಯಲ್ಲಿ ಗಂಟಲು ಊದತೊಡಗಿದರೆ ಅಡ್ರಿನಲಿನ್ ಚುಚ್ಚುಮದ್ದನ್ನು ತೊಡೆಯ ಹೊರಬದಿಗೆ ಕೂಡಲೇ ಕೊಡಬೇಕು, ಆಂಬುಲೆನ್ಸ್‌ಗೆ ಫೋನ್ ಮಾಡುವುದು ಅದರ ಜೊತೆಜೊತೆಗೆ. ಮೂರ್ಛೆ ಬಂದು ಕೈಕಾಲು ಸೆಳೆದುಕೊಳ್ಳುವ ಮಗುವನ್ನು ಮಗ್ಗುಲಿಗೆ ಮಲಗಿಸಿ ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಅದು ತುರ್ತು. ರಕ್ತದ ಸಕ್ಕರೆ ಡೆಸಿಲೀಟರ್‌ಗೆ 70 ಮಿಲಿಗ್ರಾಂಗಿಂತ ಕೆಳಗಿಳಿದ ಮಗುವಿಗೆ 15 ಗ್ರಾಂ ಸಕ್ಕರೆಯಂಶ ಕೊಟ್ಟು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಆಂಬುಲೆನ್ಸ್ ಬರುವವರೆಗಿನ ಹೊತ್ತನ್ನು ನೋಡಿಕೊಳ್ಳುವುದು ನನ್ನ ಕೆಲಸ, ಹೀಗೆ ಹೇಳಿದಾಗ ಅವರು ಮಡಚಿದ ಹಾಳೆಯನ್ನು ಮತ್ತೆ ಬಿಡಿಸಿಕೊಂಡರು. ಬೇರೆ ಶಾಲೆಯಲ್ಲಿ ಇದೇ ಸ್ಥಿತಿಯಲ್ಲಿರುವ ನರ್ಸ್‌ಗಳು ಕೇಳಿದರೆ ನಾನು ಮೊದಲು ಹೇಳುವುದು ಇದನ್ನೇ. ಮಂಡಳಿಯವರನ್ನು ಹೆದರಿಸಬೇಡಿ. ಹೆದರಿದವರು ತಮ್ಮನ್ನು ಕಾಪಾಡಿಕೊಳ್ಳಲು ನೋಡುತ್ತಾರೆ, ಮಕ್ಕಳ ಕಡೆ ನೋಡುವುದಿಲ್ಲ.

ನಾನು ಹೇಳಿದ ಅಧ್ಯಯನದ ಅಂಕಿ ಕೇಳಿ ಖಜಾಂಚಿಯವರು, “ಅದು ಅವರ ದೇಶದ ಲೆಕ್ಕ, ನಮಗೆ ಹೇಗೆ ಅನ್ವಯಿಸುತ್ತೆ?” ಅಂದರು. “ಮೊತ್ತ ಅನ್ವಯಿಸುವುದಿಲ್ಲ ಸರ್. ಯಾವ ತಲೆಬರಹದ ಕೆಳಗೆ ಉಳಿತಾಯ ಆಗುತ್ತೆ ಅನ್ನೋದನ್ನು ಮಾತ್ರ ತಗೊಳ್ಳಿ. ನಮ್ಮ ಶಾಲೆಯ ಲೆಕ್ಕ ಈ ರಿಜಿಸ್ಟರ್‌ನಲ್ಲಿದೆ” ಎಂದು ನಾನಿಲ್ಲದ ಎರಡು ದಿನದ ಪುಟ ತೆರೆದು ಕೊಟ್ಟೆ. ಅವರು ಬೆರಳಿಟ್ಟು ಎಣಿಸಿದರು. ಅವರಾಗಿಯೇ ಎಣಿಸಿ 11 ಅಂದದ್ದು ನಾನು ಹತ್ತು ಸಲ ಹೇಳಿದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿತು.

ಅಧ್ಯಕ್ಷರು ಮೊದಲು ಶಿಕ್ಷಕರಾಗಿದ್ದವರು, ಹಾಜರಿಯ ಬಗ್ಗೆ ಅವರಿಗೆ ಬಹಳ ಕಾಳಜಿ. ಅವರಿಗಾಗಿಯೇ ಒಂದು ಹಳೆಯ ಸಂಗತಿ ಇಟ್ಟುಕೊಂಡಿದ್ದೆ. 1902ರಲ್ಲಿ ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಕಣ್ಣುಬೇನೆ, ಹುಳುಕಡ್ಡಿ, ಹೇನು ಇದ್ದ ಮಕ್ಕಳನ್ನು ವೈದ್ಯರು ತಪಾಸಣೆ ಮಾಡಿ ಮನೆಗೆ ಕಳಿಸುತ್ತಿದ್ದರು. ಮನೆಯಲ್ಲಿ ಚಿಕಿತ್ಸೆ ಕೊಡುವವರಿಲ್ಲ, ಮಗು ಶಾಲೆಗೆ ಮರಳುವುದೂ ಇಲ್ಲ. ಅಲ್ಲಿನ ಬಡವರ ಮನೆಗಳಿಗೆ ನರ್ಸ್‌ಗಳನ್ನು ಕಳಿಸುತ್ತಿದ್ದ ಲಿಲಿಯನ್ ವಾಲ್ಡ್ ಅವರು ಪ್ರಯೋಗಕ್ಕೆಂದು ಲೀನಾ ರೋಜರ್ಸ್ ಎಂಬ ಒಬ್ಬ ನರ್ಸನ್ನು ನಾಲ್ಕು ಶಾಲೆಗಳಿಗೆ ಒಂದು ತಿಂಗಳ ಮಟ್ಟಿಗೆ ಕಳಿಸಿದರು. ರೋಜರ್ಸ್ ಶಾಲೆಯಲ್ಲೇ ಚಿಕಿತ್ಸೆ ಮಾಡಿದರು, ಮನೆಗಳಿಗೆ ಹೋಗಿ ತಾಯಂದಿರಿಗೆ ಕಲಿಸಿದರು. ನಗರ ಆಮೇಲೆ ಇನ್ನಷ್ಟು ನರ್ಸ್‌ಗಳನ್ನು ನೇಮಿಸಿತು. 1902ರ ಸೆಪ್ಟೆಂಬರ್‌ನಲ್ಲಿ ಹೀಗೆ ಮನೆಗೆ ಕಳಿಸಿದ ಮಕ್ಕಳು 10,000ಕ್ಕೂ ಹೆಚ್ಚು, ಮರುವರ್ಷದ ಸೆಪ್ಟೆಂಬರ್‌ನಲ್ಲಿ ಸುಮಾರು 1,100. “ಆಗಲೂ ‘ಎಲ್ಲಿಗೆ’ ಕಾಲಂ ಇತ್ತು ಅನ್ನಿ” ಎಂದರು ಅಧ್ಯಕ್ಷರು.

ಕೊನೆಗೆ ನಾನು ಕೇಳಿದ್ದು ಎರಡೇ. ಪೂರ್ತಿ ದಿನದ ಹುದ್ದೆ ಹಾಗೇ ಇರಲಿ. ನಾನು ರಜೆ ಹಾಕಿದ ದಿನಕ್ಕೆಂದು ಇಬ್ಬರು ಶಿಕ್ಷಕರಿಗೆ ಇನ್‌ಹೇಲರ್, ಮೂರ್ಛೆ, ಸಕ್ಕರೆ ಇಳಿಕೆಯ ತುರ್ತು ಕ್ರಮಗಳನ್ನು ಕಲಿಸಲು ನನಗೆ ಸಮಯ ಕೊಡಿ. ಏನು ಬೇಕು ಎಂದು ಸ್ಪಷ್ಟವಾಗಿ ಕೇಳದೆ ಬರೀ ಮಹತ್ವ ಹೇಳಿ ಬಂದರೆ ಮಂಡಳಿಯವರು ಮೆಚ್ಚಿ ತಲೆಯಾಡಿಸುತ್ತಾರೆ, ಮುಂದಿನ ವಿಷಯಕ್ಕೆ ಹೋಗುತ್ತಾರೆ.

ಎರಡಕ್ಕೂ ಒಪ್ಪಿಗೆ ಸಿಕ್ಕಿತು, ಆದರೆ ಒಂದು ವರ್ಷದ ಮಟ್ಟಿಗೆ ಮಾತ್ರ. ಮೂರು ತಿಂಗಳಿಗೊಮ್ಮೆ ಒಂದು ಪುಟದ ವರದಿ ಕೊಡಬೇಕು ಎಂಬ ಷರತ್ತೂ ಇದೆ. ಮೊದಲ ವರದಿ ಕೊಟ್ಟ ದಿನ ಖಜಾಂಚಿಯವರು ರಿಜಿಸ್ಟರ್ ತರಿಸಿಕೊಂಡು ಪುಟ ತಿರುವಿದರು. “ಸಿಸ್ಟರ್, ಇಲ್ಲಿ ಎರಡು ಕಡೆ ಹೊರಟ ಸಮಯ ಖಾಲಿ ಇದೆಯಲ್ಲ?” ಅಂದರು. ಆಟದ ಮೈದಾನದಲ್ಲಿ ಇಬ್ಬರು ಮಕ್ಕಳು ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡ ಸಂಜೆ ಅದು. ಅವರ ಜೊತೆ ಆಸ್ಪತ್ರೆಗೆ ಹೋಗುವ ಅವಸರದಲ್ಲಿ ಬರೆಯುವುದು ಬಿಟ್ಟುಹೋಗಿತ್ತು. ಹೇಳಿದೆ. ಅವರು ಪೆನ್ನು ಕೊಟ್ಟರು, ನೆನಪಿದ್ದ ಸಮಯವನ್ನು ಅಲ್ಲೇ ಬರೆದೆ.