ಬಾವಿ ನೀರು ತಿಂದ ಗೀಸರ್

ಹೋದ ವರ್ಷ ಜೂನ್‌ನಲ್ಲಿ, ಮಳೆ ಹಿಡಿದು ಎರಡು ವಾರ ಆಗಿತ್ತು. ಬಚ್ಚಲಿನ ಗೀಸರ್ ಅಡಿಯಿಂದ ತೊಟ್ಟಿಕ್ಕಲು ಶುರುವಾಯಿತು. ಮೊದಲು ಪೈಪಿನ ವಾಷರ್ ಹೋಗಿರಬೇಕು ಅಂದುಕೊಂಡೆ. ಆದರೆ ಬೀಳುತ್ತಿದ್ದ ನೀರು ತುಕ್ಕಿನ ಬಣ್ಣದಲ್ಲಿತ್ತು. ಅಂದರೆ ಒಳಗಿನ ಟ್ಯಾಂಕೇ ತೂತಾಗಿದೆ. ನೀರು ಕಾಯಿಸುವ ಕಾಯಿಲ್ ಅಥವಾ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟ್ಯಾಟ್ ಹೋದರೆ ಕೆಲವು ನೂರು ರೂಪಾಯಿಯಲ್ಲಿ ರಿಪೇರಿ ಆಗುತ್ತದೆ. ಟ್ಯಾಂಕ್ ತೂತಾದರೆ ಹೊಸದೇ ಗತಿ. ಅದನ್ನು ಹಾಕಿಸಿ ಆರು ವರ್ಷ ಆಗಿತ್ತಷ್ಟೆ.

"ಹಂಡೆ ಇದ್ದಾಗ ಈ ತಲೆಬಿಸಿ ಇರಲಿಲ್ಲ" ಅಂದರು ಅಮ್ಮ. ನಮ್ಮ ಮನೆ ಉಡುಪಿಯಿಂದ ಮಲ್ಪೆಗೆ ಹೋಗುವ ದಾರಿಯಲ್ಲಿ, ಕೊಡವೂರಿನ ಹತ್ತಿರ. ಒಲೆಗೆ ತೆಂಗಿನ ಮಡಲು, ಗೆರಟೆ ಬೇಕಾದಷ್ಟು ಉಂಟು. ಆದರೆ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅವನ್ನು ಒಣಗಿಸಿ ಇಟ್ಟುಕೊಳ್ಳುವುದು, ಬೆಳಗ್ಗೆ ಐದಕ್ಕೆ ಎದ್ದು ಒಲೆ ಊದುವುದು ಈಗ ಅಮ್ಮನಿಗೆ ಆಗುವ ಕೆಲಸ ಅಲ್ಲ.

ಹಳೆಯದನ್ನು ಕೆಳಗಿಳಿಸಿ ನಾನೇ ಬಿಚ್ಚಿದೆ. ಯಾಕೆ ಹಾಳಾಯಿತು ಎಂದು ತಿಳಿಯದೆ ಹೊಸದಕ್ಕೆ ದುಡ್ಡು ಹಾಕಲು ಮನಸ್ಸು ಬರಲಿಲ್ಲ. ಅಡಿಯ ಮುಚ್ಚಳ, ಅಂದರೆ ಫ್ಲಾಂಜ್‌ನ ನಟ್‌ಗಳನ್ನು ಕಳಚಿದರೆ ಕಾಯಿಲ್ ಹೊರಗೆ ಬರುತ್ತದೆ. ಅದರ ಪಕ್ಕದಲ್ಲಿ ಮೆಗ್ನೀಶಿಯಂನ ಒಂದು ಸರಳು ಇರುತ್ತದೆ. ಆನೋಡ್ ಅನ್ನುತ್ತಾರೆ. ಟ್ಯಾಂಕಿನ ಕಬ್ಬಿಣದ ಬದಲು ಈ ಸರಳು ತಾನು ಸವೆಯುತ್ತದೆ. ಅದು ಇರುವ ತನಕ ಟ್ಯಾಂಕಿಗೆ ತುಕ್ಕು ಹತ್ತುವುದು ಬಹಳ ಕಡಿಮೆ. ನಮ್ಮದರಲ್ಲಿ ಸರಳು ಇರಲೇ ಇಲ್ಲ. ನಡುವಿನ ತೆಳ್ಳಗಿನ ತಂತಿ ಮಾತ್ರ ಉಳಿದಿತ್ತು. ಆರು ವರ್ಷದಲ್ಲಿ ಒಮ್ಮೆಯೂ ಅದನ್ನು ಬದಲಿಸಿರಲಿಲ್ಲ. ಬದಲಿಸಬೇಕು ಎಂದು ಯಾರೂ ಹೇಳಿರಲಿಲ್ಲ.

ಕಾಯಿಲ್ ಮಾತ್ರ ಹೊಸದರ ಹಾಗೆ ನುಣ್ಣಗಿತ್ತು. ಬೆಂಗಳೂರಿನಲ್ಲಿರುವ ತಂಗಿಯ ಮನೆಯ ಕಾಯಿಲ್ ನೋಡಿದ್ದೇನೆ. ಬೋರ್‌ವೆಲ್ ನೀರಿಗೆ ಅದರ ಮೇಲೆ ಸುಣ್ಣದ ಹಾಗೆ ಬಿಳಿ ಪದರ ಕಟ್ಟಿತ್ತು. ಅಲ್ಲಿಯದು ಗಡಸು ನೀರು. ನಮ್ಮ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ನೆಲದ ಬಾವಿ ನೀರು ಮೆದು, ಜೊತೆಗೆ ಸ್ವಲ್ಪ ಹುಳಿ ಗುಣದ್ದು. ಹಿತ್ತಾಳೆ ನಲ್ಲಿಯ ಕೆಳಗೆ ನೀಲಿ-ಹಸಿರು ಕಲೆ ಬೀಳುವುದನ್ನು ನಮ್ಮೂರಿನವರು ಗಮನಿಸಿರಬಹುದು, ಅಲ್ವಾ? ಅದು ಇದರದ್ದೇ ಗುರುತು. ಅಕ್ವೇರಿಯಂ ಅಂಗಡಿಯಿಂದ ನೀರಿನ ಹುಳಿ ಅಳೆಯುವ ಪಿಎಚ್ ಪಟ್ಟಿ ತಂದು ಅದ್ದಿದೆ. ಬಣ್ಣ 6ರ ಹತ್ತಿರ ನಿಂತಿತು. 7 ಇದ್ದರೆ ಹುಳಿಯೂ ಅಲ್ಲ, ಕ್ಷಾರವೂ ಅಲ್ಲ. ಇಂಥ ನೀರಿನಲ್ಲಿ ಪದರ ಕಟ್ಟುವುದಿಲ್ಲ, ಆದರೆ ಲೋಹ ಬೇಗ ಸವೆಯುತ್ತದೆ.

ಇಷ್ಟು ಗೊತ್ತಾದ ಮೇಲೆ ಅಂಗಡಿಯಲ್ಲಿ ಮಾತಾಡುವುದು ಸುಲಭವಾಯಿತು. ಅಲ್ಲಿ ಮೊದಲು ತೋರಿಸಿದ್ದು ಹಾರ್ಡ್ ವಾಟರ್‌ಗೆಂದೇ ಮಾಡಿದ ಕಾಯಿಲ್ ಇರುವ, 25 ಲೀಟರಿನ ಮಾಡೆಲ್. ಒಳ್ಳೆಯ ವಸ್ತುವೇ. ಆದರೆ ನಮ್ಮ ನೀರಿಗೆ ಆ ಕಾಯಿಲ್ ಬೇಕಾಗಿಲ್ಲ. ಎಂಟು ಬಾರ್ ಒತ್ತಡ ತಡೆಯುತ್ತದೆ ಎಂದೂ ಹೇಳಿದರು. ನೀರಿನ ಟಾಂಕಿ 10 ಮೀಟರ್ ಮೇಲಿದ್ದರೆ ಸುಮಾರು 1 ಬಾರ್ ಒತ್ತಡ ಬರುತ್ತದೆ. ನಮ್ಮ ಟಾಂಕಿ ಇರುವುದು ಗೀಸರಿಗಿಂತ ನಾಲ್ಕು ಮೀಟರ್ ಮೇಲೆ. ಎತ್ತರದ ಅಪಾರ್ಟ್‌ಮೆಂಟಿಗೆ, ಪ್ರೆಷರ್ ಪಂಪ್ ಇರುವ ಮನೆಗೆ ಆ ಶಕ್ತಿ ಬೇಕು. ನಾವು ಅದಕ್ಕೆಂದೇ ಜಾಸ್ತಿ ಕೊಡುವ ಅಗತ್ಯ ಇರಲಿಲ್ಲ.

ಅಳತೆಯನ್ನೂ ಮನೆಯಲ್ಲೇ ಲೆಕ್ಕ ಹಾಕಿಕೊಂಡು ಹೋಗಿದ್ದೆ. ನಾವು ಶವರ್ ಬಳಸುವುದಿಲ್ಲ, ಬಕೆಟಿನಲ್ಲೇ ಮೀಯುವುದು. ನಮ್ಮಲ್ಲಿ ತಣ್ಣೀರೇ 27 ಡಿಗ್ರಿಯ ಆಸುಪಾಸು ಇರುತ್ತದೆ. 60 ಡಿಗ್ರಿಗೆ ಕಾಯಿಸಿದ 15 ಲೀಟರಿಗೆ ತಣ್ಣೀರು ಬೆರೆಸಿದರೆ, ಮೀಯಲು ಹಿತವಾದ 40 ಡಿಗ್ರಿಯ ನೀರು ಸುಮಾರು 38 ಲೀಟರ್ ಸಿಗುತ್ತದೆ. ಅಂದರೆ ಎರಡು ಬಕೆಟ್. 2 ಕಿಲೋವಾಟಿನ ಗೀಸರ್ ಅಷ್ಟು ಕಾಯಿಸಲು 17-18 ನಿಮಿಷ ತೆಗೆದುಕೊಳ್ಳುತ್ತದೆ, ಅರ್ಧ ಯುನಿಟ್‌ಗಿಂತ ಸ್ವಲ್ಪ ಜಾಸ್ತಿ ಕರೆಂಟ್. ನಾಲ್ಕು ಜನರಿಗೆ ಎರಡು ಸಲ ಕಾಯಿಸಿದರೆ ಸಾಕು. ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆಯ ಮಿತಿಯೊಳಗೆ ಇರಬೇಕು ಅನ್ನುವವರು ಈ ಲೆಕ್ಕ ಮಾಡಲೇಬೇಕು. 200 ಯುನಿಟ್ ದಾಟಿದರೆ ಪೂರ್ತಿ ಬಿಲ್ಲು ನಮ್ಮದೇ.

ಸೋಲಾರ್ ಯೋಚನೆಯೂ ಬಂದಿತ್ತು. ಆದರೆ ನಮಗೆ ಬಿಸಿನೀರು ಹೆಚ್ಚು ಬೇಕಾಗುವುದು ಮಳೆಗಾಲದಲ್ಲಿ, ಆಗಲೇ ಬಿಸಿಲಿಲ್ಲ. ಗ್ಯಾಸ್ ಗೀಸರನ್ನು ಗಾಳಿಯಾಡದ ನಮ್ಮ ಸಣ್ಣ ಬಚ್ಚಲಿನಲ್ಲಿ ಇಡುವ ಪ್ರಶ್ನೆಯೇ ಇಲ್ಲ. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗೊತ್ತಾಗುವ ಮೊದಲೇ ಜೀವ ಹೋಗುತ್ತದೆ.

ಕೊನೆಗೆ ತಂದದ್ದು 15 ಲೀಟರಿನದು. ಐದು ಸ್ಟಾರ್, ಟ್ಯಾಂಕಿನ ಒಳಗೆ ಗಾಜಿನ ಲೇಪ (ಗ್ಲಾಸ್ ಲೈನಿಂಗ್), ದಪ್ಪ ಆನೋಡ್. ಹೊರಕವಚ ಪ್ಲಾಸ್ಟಿಕ್, ಯಾಕೆಂದರೆ ಕಡಲಿನ ಗಾಳಿಗೆ ತಗಡು ನಿಲ್ಲುವುದಿಲ್ಲ. ₹8,200. ಅಲ್ಲಿಗೆ ಖರ್ಚು ಮುಗಿಯಿತು ಅಂದುಕೊಂಡಿದ್ದೆ.

ಗೋಡೆಗೆ ಡ್ರಿಲ್ ಇಟ್ಟಾಗ ಮುರಕಲ್ಲು ಪುಡಿಪುಡಿಯಾಗಿ ಉದುರಿತು. ನೀರು ತುಂಬಿದ ಮೇಲೆ ಗೀಸರ್ ಸುಮಾರು 25 ಕಿಲೋ ತೂಗುತ್ತದೆ. ಟೈಲ್ಸಿನ ಹಿಂದೆ ಟೊಳ್ಳಾದ ಕಲ್ಲಿನಲ್ಲಿ ಫಾಸ್ಟ್‌ನರ್ ಹಿಡಿತಕ್ಕೇ ಬರಲಿಲ್ಲ. ಮೀಯುವವರ ತಲೆಯ ಮೇಲೆ ಇರುವ ವಸ್ತು ಇದು. ಅಂದಾಜಿನ ಮೇಲೆ ಬಿಡುವ ಹಾಗಿಲ್ಲ. ವೆಲ್ಡಿಂಗ್ ಶಾಪಿನಲ್ಲಿ ಎರಡು ಉದ್ದದ ಬೋಲ್ಟ್, ನಾಲ್ಕು ಇಂಚಿನ ಎರಡು ಪ್ಲೇಟ್ ಮಾಡಿಸಿದೆ, ₹450. ಬೋಲ್ಟನ್ನು ಗೋಡೆಯ ಆಚೆಗೇ ತೂರಿಸಿ ಹೊರಗಿನಿಂದ ಪ್ಲೇಟ್ ಕೊಟ್ಟು ಬಿಗಿದೆ. ಪ್ಲೇಟಿಗೆ ರೆಡ್ ಆಕ್ಸೈಡ್ ಹೊಡೆದೆ. ನೀರು ತುಂಬುವ ಮೊದಲು ಎರಡೂ ಕೈಯಲ್ಲಿ ಜೋತುಬಿದ್ದು ನೋಡಿದೆ. ಅಲುಗಲಿಲ್ಲ.

ಬಿಸಿನೀರಿನ ಲೈನು ಸಾದಾ ಪಿವಿಸಿ ಆಗಿತ್ತು. ಬಿಸಿಗೆ ಅದು ಬಾಗಿ ಹೋಗಿತ್ತು. ಬಿಸಿ ತಡೆಯುವ ಸಿಪಿವಿಸಿ ಪೈಪ್ ಹಾಕಲು ₹700. ಆಂಗಲ್ ಕಾಕ್, ಕನೆಕ್ಷನ್ ಪೈಪ್ ಎಲ್ಲ ಸೇರಿ ₹900. ಸೇಫ್ಟಿ ವಾಲ್ವ್ ಪೆಟ್ಟಿಗೆಯಲ್ಲೇ ಬಂದಿತ್ತು. ಅದನ್ನು ಬಿಟ್ಟು ಗೀಸರ್ ಜೋಡಿಸುವವರನ್ನು ಕಂಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ನೀರು ಕಾದಾಗ ಹಿಗ್ಗುತ್ತದೆ. ಥರ್ಮೋಸ್ಟ್ಯಾಟ್ ಕೈಕೊಟ್ಟ ದಿನ ಒತ್ತಡ ಹೊರಗೆ ಹೋಗಲು ಅದೊಂದೇ ದಾರಿ. ಕಾಯುವಾಗ ಅದರಿಂದ ನಾಲ್ಕು ಹನಿ ಬಿದ್ದರೆ ಹೆದರಬೇಕಾಗಿಲ್ಲ.

ಇಷ್ಟು ಕೆಲಸ ನಾನೇ ಮಾಡಿದೆ. ವಯರಿಂಗಿಗೆ ಮಾತ್ರ ಕೈ ಹಾಕಲಿಲ್ಲ. ಎಲೆಕ್ಟ್ರಿಶಿಯನ್ ಬಂದವರು ಹಳೆ ಪ್ಲಗ್ ಬಿಚ್ಚಿ ನೋಡಿ, "ಮಾರಾಯ್ರೆ, ಇದಕ್ಕೆ ಅರ್ಥಿಂಗೇ ಇಲ್ಲ. ಇಷ್ಟು ವರ್ಷ ಇದರಲ್ಲೇ ಮಿಂದದ್ದಾ?" ಅಂದರು. ಅರ್ಥಿಂಗ್ ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ವ್ಯವಸ್ಥೆ. ಪಾಯಿಂಟಿನಲ್ಲಿ ಅದರ ಹಸಿರು ವಯರ್ ಇತ್ತು, ಅದರ ಆಚೆ ತುದಿ ಎಲ್ಲಿಗೂ ಸೇರಿರಲಿಲ್ಲ. ಮಕ್ಕಳು ದಿನಾ ಮೀಯುವ ಜಾಗ ಅದು. ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

2 ಕಿಲೋವಾಟಿನ ಗೀಸರ್ ಸುಮಾರು 9 ಆಂಪ್ಸ್ ಎಳೆಯುತ್ತದೆ. ಹಳೆಯ ಒಂದು ಎಂಎಂ ವಯರ್ ಪ್ಲಗ್ಗಿನ ಹತ್ತಿರ ಕರಗಿತ್ತು. ಬೋರ್ಡಿನಿಂದ ಬೇರೆಯೇ ಎರಡೂವರೆ ಎಂಎಂ ಲೈನ್ ಎಳೆಸಿದೆವು, ₹1,100. ಎಂಸಿಬಿ (ಲೋಡ್ ಜಾಸ್ತಿಯಾದರೆ ತಾನೇ ಆಫ್ ಆಗುವ ಸ್ವಿಚ್) ಮತ್ತು 30 ಮಿಲಿಆಂಪ್ಸಿನ ಆರ್‌ಸಿಸಿಬಿ ಸೇರಿ ₹2,400. ಕರೆಂಟ್ ಸ್ವಲ್ಪ ಸೋರಿದರೂ ಈ ಆರ್‌ಸಿಸಿಬಿ ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅರ್ಥಿಂಗ್ ಗುಂಡಿಗೆ ₹3,000. ಮುರಕಲ್ಲಿನ ನೆಲ ಮಾರ್ಚ್-ಏಪ್ರಿಲ್‌ನಲ್ಲಿ ಒಣಗಿ ಬಿರುಸಾಗುತ್ತದೆ, ಆಗ ಅರ್ಥ್ ಸರಿಯಾಗಿ ಸಿಗುವುದಿಲ್ಲ. ಅದಕ್ಕೆ ಬಚ್ಚಲಿನ ನೀರು ಹೋಗಿ ಯಾವಾಗಲೂ ತೇವ ಇರುವ ಬಾಳೆ ಬುಡದ ಹತ್ತಿರ ಗುಂಡಿ ತೋಡಿಸಿದೆವು. ಎಲೆಕ್ಟ್ರಿಶಿಯನ್ ಕೂಲಿ ₹1,200.

ಎಲ್ಲ ಸೇರಿ ₹17,950. ಗೀಸರಿನ ಬೆಲೆ ಇದರಲ್ಲಿ ಅರ್ಧವೂ ಇಲ್ಲ. ಮನೆಯಲ್ಲಿ ಸರಿಯಾದ ಲೈನು, ಅರ್ಥಿಂಗ್ ಮೊದಲೇ ಇದ್ದಿದ್ದರೆ ಹನ್ನೊಂದು ಸಾವಿರದ ಒಳಗೆ ಮುಗಿಯುತ್ತಿತ್ತು. ಆದರೂ ಅತ್ಯಂತ ಸಮಾಧಾನದಿಂದ ಕೊಟ್ಟ ದುಡ್ಡು ಯಾವುದು ಎಂದು ಕೇಳಿದರೆ, ಆ ಗುಂಡಿಗೆ ಕೊಟ್ಟ ಮೂರು ಸಾವಿರ ಅನ್ನುತ್ತೇನೆ.

ಈ ವರ್ಷ ಜೂನ್‌ನಲ್ಲಿ ಒಂದು ಭಾನುವಾರ ಎಂಸಿಬಿ ಆಫ್ ಮಾಡಿ, ನೀರು ಖಾಲಿ ಮಾಡಿ, ಫ್ಲಾಂಜ್ ಬಿಚ್ಚಿದೆ. ಹೆಬ್ಬೆರಳಿನ ದಪ್ಪ ಇದ್ದ ಆನೋಡ್ ಒಂದೇ ವರ್ಷದಲ್ಲಿ ಪೆನ್ಸಿಲಿನಷ್ಟಾಗಿತ್ತು, ಅಲ್ಲಲ್ಲಿ ಹುಳ ಕೊರೆದ ಹಾಗೆ. ಟ್ಯಾಂಕಿನ ಒಳಗೆ ಟಾರ್ಚ್ ಬಿಟ್ಟು ನೋಡಿದೆ, ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಹೊಸ ಆನೋಡಿಗೆ ₹350, ವಾಷರಿಗೆ ₹60. ಟ್ಯಾಂಕ್ ಪೂರ್ತಿ ತುಂಬಿ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಸ್ವಿಚ್ ಹಾಕಿದೆ. ಗೀಸರಿನ ಪಕ್ಕದ ಟೈಲ್ಸಿನ ಮೇಲೆ ಮಾರ್ಕರಿನಲ್ಲಿ ತಾರೀಕು ಬರೆದಿಟ್ಟಿದ್ದೇನೆ.