ಹೋಟೆಲ್ ರುಚಿಯ ಕರಿಗೆ ಯಾವ ಗ್ರೇವಿ? ಕಂದು, ಮಖನಿ, ಬಿಳಿ: ಮಾಡುವ ಕ್ರಮ, ಆರಿಸುವ ಬಗೆ

ಉತ್ತರ ಭಾರತದ ಊಟ ಕೊಡುವ ಹೋಟೆಲುಗಳಲ್ಲಿ ಬೆಳಗಿನ ಮೊದಲ ಕೆಲಸಗಳಲ್ಲೊಂದು ಗ್ರೇವಿ ಮಾಡಿಡುವುದು. ಕಂದು, ಕೆಂಪು (ಅಂದರೆ ಮಖನಿ), ಬಿಳಿ ಎಂದು ಮೂರು ಪಾತ್ರೆ ಸಿದ್ಧವಿದ್ದರೆ ಆಮೇಲೆ ಯಾವ ಆರ್ಡರ್ ಬಂದರೂ ಹತ್ತು ಹದಿನೈದು ನಿಮಿಷದಲ್ಲಿ ಕರಿ ಮೇಜಿಗೆ ಹೋಗುತ್ತದೆ. ಮನೆಯಲ್ಲೂ ಇದೇ ಕ್ರಮ ನಡೆಯುತ್ತದೆ. ಮೂರನ್ನೂ ಒಂದೇ ದಿನ ಮಾಡಬೇಕಿಲ್ಲ. ಯಾವುದು ಏತಕ್ಕೆ ಎಂದು ಗೊತ್ತಿದ್ದರೆ ಎರಡರಲ್ಲೇ ಬಹುಪಾಲು ಕರಿಗಳು ಆಗುತ್ತವೆ.

ಮೂರನ್ನೂ ಬೇರೆ ಮಾಡುವುದು ಈರುಳ್ಳಿ. ಅದನ್ನು ಕೆಂಪಗೆ ಹುರಿದರೆ ಕಂದು ಗ್ರೇವಿ, ನೀರಿನಲ್ಲಿ ಬೇಯಿಸಿದರೆ ಬಿಳಿ ಗ್ರೇವಿ, ಈರುಳ್ಳಿಯನ್ನೇ ಬಿಟ್ಟು ಟೊಮೇಟೊ ಹಿಡಿದರೆ ಮಖನಿ. ಮನೆಯ ಕರಿಗೆ ಹೋಟೆಲಿನ ರುಚಿ ಬರುತ್ತಿಲ್ಲ ಎನ್ನುವವರು ಮಸಾಲೆ ಪುಡಿ ಬದಲಾಯಿಸುತ್ತಾ ಹೋಗುತ್ತಾರೆ. ಕೊರತೆ ಇರುವುದು ಹೆಚ್ಚಾಗಿ ಈರುಳ್ಳಿ ಹುರಿದ ಹೊತ್ತಿನಲ್ಲಿ.

ಕಂದು ಗ್ರೇವಿ

ಒಂದೇ ಗ್ರೇವಿ ಮಾಡಿಡುವುದಾದರೆ ಇದನ್ನು ಮಾಡಿ. ಈರುಳ್ಳಿ 1 ಕೆಜಿ, ಟೊಮೇಟೊ 700 ಗ್ರಾಂ, ಎಣ್ಣೆ 150 ಮಿಲಿ, ಶುಂಠಿ-ಬೆಳ್ಳುಳ್ಳಿ ಪೇಸ್ಟ್ 60 ಗ್ರಾಂ, ದನಿಯಾ ಪುಡಿ 3 ದೊಡ್ಡ ಚಮಚ, ಕಾಶ್ಮೀರಿ ಅಥವಾ ಬ್ಯಾಡಗಿ ಮೆಣಸಿನ ಪುಡಿ 2 ದೊಡ್ಡ ಚಮಚ, ಜೀರಿಗೆ ಪುಡಿ 1 ದೊಡ್ಡ ಚಮಚ, ಅರಿಶಿನ 1 ಚಿಕ್ಕ ಚಮಚ, ಉಪ್ಪು 2 ಚಿಕ್ಕ ಚಮಚ. ಒಗ್ಗರಣೆಗೆ 2 ಪಲಾವ್ ಎಲೆ, ಒಂದು ತುಂಡು ಚಕ್ಕೆ, 4 ಲವಂಗ. ಇಷ್ಟರಲ್ಲಿ ಸುಮಾರು 1 ಕೆಜಿ ಗ್ರೇವಿ ಸಿಗುತ್ತದೆ. ನಾಲ್ವರಿಗೆ ಸಾಕಾಗುವ ಒಂದು ಕರಿಗೆ 250 ಗ್ರಾಂ ಬೇಕು.

ಈರುಳ್ಳಿಯನ್ನು ಒಂದೇ ದಪ್ಪಕ್ಕೆ ಉದ್ದುದ್ದ ಹೆಚ್ಚಿ. ದಪ್ಪ ತೆಳು ಬೆರೆತರೆ ತೆಳುವಾದವು ಸೀಯುವ ಹೊತ್ತಿಗೆ ದಪ್ಪನೆಯವು ಇನ್ನೂ ಬೆಳ್ಳಗಿರುತ್ತವೆ. ಅಗಲ ಬಾಯಿಯ, ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಪಲಾವ್ ಎಲೆ, ಚಕ್ಕೆ, ಲವಂಗ ಹಾಕಿ, ಈರುಳ್ಳಿಯನ್ನೂ ಅರ್ಧ ಉಪ್ಪನ್ನೂ ಸೇರಿಸಿ. ಉಪ್ಪು ಈರುಳ್ಳಿಯ ನೀರನ್ನು ಬೇಗ ಹೊರಗೆಳೆಯುತ್ತದೆ. ಮೊದಲ 8-10 ನಿಮಿಷ ಜೋರು ಉರಿ ಇರಲಿ. ಬಾಣಲೆಯಲ್ಲಿ ನೀರಿರುವ ತನಕ ಬಿಸಿ 100 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲುತ್ತದೆ, ಅಷ್ಟರಲ್ಲಿ ಈರುಳ್ಳಿ ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ. ನೀರು ಆರಿ, ಬುಸುಗುಟ್ಟುವ ಸದ್ದು ಹೋಗಿ ಎಣ್ಣೆಯ ಚಟಪಟ ಕೇಳಿಸಿದಾಗ ಉರಿಯನ್ನು ಮಧ್ಯಮಕ್ಕೆ ಇಳಿಸಿ. ಅಲ್ಲಿಂದ ಇನ್ನೂ 20-25 ನಿಮಿಷ, ತಳ ಕೆರೆಯುತ್ತಾ ಹುರಿಯಬೇಕು. ಅಂಚು ಮಾತ್ರ ಕೆಂಪಾಗಿದ್ದರೆ ಸಾಲದು, ಪ್ರತಿ ಎಳೆಯೂ ಗಾಢ ಹೊಂಬಣ್ಣಕ್ಕೆ ಬರಬೇಕು.

ಹೆಚ್ಚಿನವರು ಇಲ್ಲಿ 10 ನಿಮಿಷ ಮೊದಲೇ ನಿಲ್ಲಿಸುತ್ತಾರೆ. ಗ್ರೇವಿ ಆಗ ತಿಳಿ ಬಣ್ಣದ್ದಾಗಿ, ಸಪ್ಪೆ ಸಿಹಿಯಾಗಿ ಉಳಿಯುತ್ತದೆ. ಆಮೇಲೆ ಎಷ್ಟು ಗರಂ ಮಸಾಲೆ ಸುರಿದರೂ ಅದು ತುಂಬಿಕೊಳ್ಳುವುದಿಲ್ಲ. ಅತ್ತ ಕಡೆ, ಕಪ್ಪು ಚುಕ್ಕೆ ಕಾಣಿಸಿಕೊಂಡರೆ ಕಹಿ ಶುರುವಾಗಿದೆ ಎಂದರ್ಥ. ತಳ ಹಿಡಿಯುವ ಸೂಚನೆ ಕಂಡಾಗಲೇ ಎರಡು ಚಮಚ ನೀರು ಚಿಮುಕಿಸಿ ಅಂಟಿದ್ದನ್ನು ಕೆರೆದು ಬೆರೆಸಿ. ಆ ಕಂದು ಪೊರೆಯಲ್ಲೇ ರುಚಿ ಇದೆ. ಸಮಯ ಉಳಿಸಲು ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಈರುಳ್ಳಿ ಬೇಗ ಕೆಂಪಾಗುತ್ತದೆ, ಮೆತ್ತಗೂ ಆಗುತ್ತದೆ. ಹೇಗೂ ಅರೆಯುವುದರಿಂದ ಅದರಿಂದ ತೊಂದರೆಯಿಲ್ಲ. ಚಿಟಿಕೆ ದಾಟಿದರೆ ಮಾತ್ರ ಸಾಬೂನಿನ ರುಚಿ ಬರುತ್ತದೆ.

ಶುಂಠಿ-ಬೆಳ್ಳುಳ್ಳಿ ಪೇಸ್ಟ್ ಹಾಕಿ, ಹಸಿ ವಾಸನೆ ಹೋಗುವ ತನಕ 2-3 ನಿಮಿಷ ಬಾಡಿಸಿ. ಪುಡಿಗಳನ್ನು ಒಣದಾಗಿ ಸುರಿಯಬೇಡಿ. ಅರ್ಧ ಲೋಟ ನೀರಿನಲ್ಲಿ ಕಲಸಿ ಹಾಕಿದರೆ ಮೆಣಸಿನ ಪುಡಿ ಸೀಯದೆ ಎಣ್ಣೆಗೆ ಬಣ್ಣ ಬಿಡುತ್ತದೆ. ನೀರು ಆರಿದ ಮೇಲೆ ಹೆಚ್ಚಿದ ಟೊಮೇಟೊ, ಉಳಿದ ಉಪ್ಪು ಸೇರಿಸಿ ಮುಚ್ಚಿಟ್ಟು 8 ನಿಮಿಷ, ಮುಚ್ಚಳ ತೆಗೆದು 10-12 ನಿಮಿಷ ಬೇಯಿಸಿ. ಅಂಚಿನಲ್ಲಿ ಎಣ್ಣೆ ಬಿಟ್ಟುಕೊಂಡರೆ ಮುಗಿಯಿತು. ನೀರು ಹೋದ ಗುರುತು ಅದು. ಎಣ್ಣೆ ಕಡಿಮೆ ಹಾಕಿದ್ದರೆ ಬಿಡುವುದು ಕಾಣಿಸುವುದಿಲ್ಲ, ಆಗ ಸೌಟಿನಿಂದ ತಳದಲ್ಲಿ ಗೆರೆ ಎಳೆದು ನೋಡಿ. ಗೆರೆ ಕೂಡಲೇ ಮುಚ್ಚಿಕೊಳ್ಳದಿದ್ದರೆ ಸರಿ. ಪಲಾವ್ ಎಲೆ, ಚಕ್ಕೆ ಆರಿಸಿ ತೆಗೆದು, ಪೂರ್ತಿ ತಣಿದ ಮೇಲೆ ಮಿಕ್ಸಿಗೆ ಹಾಕಿ. ಬಿಸಿ ಇರುವಾಗ ತಿರುಗಿಸಿದರೆ ಹಬೆಗೆ ಮುಚ್ಚಳ ಹಾರುತ್ತದೆ. ಪೂರ್ತಿ ನುಣ್ಣಗೆ ಬೇಡ, ತುಸು ತರಿ ಉಳಿದರೆ ಚೆನ್ನ.

ಗರಂ ಮಸಾಲೆಯನ್ನು ಇದಕ್ಕೆ ಹಾಕದಿರಲು ಕಾರಣವಿದೆ. ಅದರ ಘಮ ಮತ್ತೆ ಬಿಸಿ ಮಾಡುವಾಗ ಹಾರಿಹೋಗುತ್ತದೆ, ಅಲ್ಲದೆ ಎಲ್ಲ ಕರಿಗಳೂ ಒಂದೇ ವಾಸನೆ ಹೊಡೆಯುತ್ತವೆ. ಉಪ್ಪು ಖಾರ ಕಡಿಮೆ ಇಡುವುದೂ ಇದಕ್ಕೇ.

ಹಸಿ ಈರುಳ್ಳಿಯನ್ನು ಅರೆದು ಹುರಿಯುವ ಪದ್ಧತಿಯೂ ಇದೆ. ಅರೆದ ಕೂಡಲೇ ಬಾಣಲೆಗೆ ಹೋಗದಿದ್ದರೆ ಕಹಿಯೇರುತ್ತದೆ, ಹುರಿಯುವಾಗ ಸಿಡಿಯುತ್ತದೆ, ಒಂದೇ ಸಮ ಕೆಂಪಾಗುವುದೂ ಕಷ್ಟ. ಹೆಚ್ಚಿ ಹುರಿದು ಆಮೇಲೆ ಅರೆಯುವುದೇ ಮೇಲು.

ಮಖನಿ

ದೆಹಲಿಯ ದರಿಯಾಗಂಜ್‌ನ ಮೋತಿ ಮಹಲ್ ಹೋಟೆಲಿನ ಹೆಸರಿನ ಜೊತೆ ಬೆಳೆದ ಬಟರ್ ಚಿಕನ್‌ನ ಗ್ರೇವಿ ಇದು. ಹಳೆಯ ಕ್ರಮದಲ್ಲಿ ಇದಕ್ಕೆ ಈರುಳ್ಳಿ ಇಲ್ಲ, ಹಾಕದಿದ್ದರೇ ರುಚಿ ಶುಚಿಯಾಗಿರುತ್ತದೆ.

ಚೆನ್ನಾಗಿ ಹಣ್ಣಾದ ಟೊಮೇಟೊ 1 ಕೆಜಿ, ಗೋಡಂಬಿ 70 ಗ್ರಾಂ, ಬೀಜ ತೆಗೆದು ನೆನೆಸಿದ ಕಾಶ್ಮೀರಿ ಅಥವಾ ಬ್ಯಾಡಗಿ ಮೆಣಸಿನಕಾಯಿ 6-8, ಬೆಳ್ಳುಳ್ಳಿ 8 ಎಸಳು, ಶುಂಠಿ ಒಂದು ಇಂಚು, ಏಲಕ್ಕಿ 4, ಲವಂಗ 3, ಚಕ್ಕೆ ಒಂದು ಚೂರು, ಬೆಣ್ಣೆ 30 ಗ್ರಾಂ, ಉಪ್ಪು 1 ಚಿಕ್ಕ ಚಮಚ, ನೀರು 300 ಮಿಲಿ. ಎಲ್ಲವನ್ನೂ ಒಂದೇ ಪಾತ್ರೆಗೆ ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ. ತಣಿಸಿ, ಚಕ್ಕೆ ತೆಗೆದು, ನುಣ್ಣಗೆ ಅರೆದು ಜರಡಿಯಲ್ಲಿ ಸೋಸಿ. ಸೋಸುವ ಕೆಲಸ ಬಿಟ್ಟರೆ ಸಿಪ್ಪೆ, ಬೀಜ ನಾಲಿಗೆಗೆ ಸಿಗುತ್ತವೆ; ಹೋಟೆಲಿನ ಮಖನಿಯ ರೇಷ್ಮೆಯಂಥ ನುಣುಪು ಬರುವುದು ಇಲ್ಲಿಯೇ. ಆಮೇಲೆ ಇನ್ನೂ 30 ಗ್ರಾಂ ಬೆಣ್ಣೆಯಲ್ಲಿ 10-15 ನಿಮಿಷ ಕುದಿಸಿ, ಸೌಟಿನ ಬೆನ್ನಿಗೆ ಅಂಟುವ ಹದಕ್ಕೆ ತನ್ನಿ. ಗೋಡಂಬಿ ಇರುವ ಗ್ರೇವಿ ಲಾವಾದಂತೆ ಸಿಡಿಯುವುದರಿಂದ ಅರ್ಧ ಮುಚ್ಚಿಡಿ, ತಳವನ್ನು ಆಗಾಗ ಕೆರೆಯಿರಿ.

ಹುಳಿ ಹೆಚ್ಚಾಯಿತು ಎಂಬುದೇ ಇದರ ಸಾಮಾನ್ಯ ದೂರು. ನಾಟಿ ಟೊಮೇಟೊ ಸಾರಿಗೆ ಸೊಗಸು, ಮಖನಿಗೆ ಹುಳಿ ಜಾಸ್ತಿ. ಗಟ್ಟಿ ತಿರುಳಿನ ಹೈಬ್ರಿಡ್ ಹಣ್ಣು ತೆಗೆದುಕೊಳ್ಳಿ. ಆದರೂ ಹುಳಿ ಉಳಿದರೆ ಮೊದಲು ಇನ್ನಷ್ಟು ಕುದಿಸಿ, ಆಮೇಲೆ ಬೆಣ್ಣೆ, ಕೊನೆಗೆ 1-2 ಚಿಕ್ಕ ಚಮಚ ಸಕ್ಕರೆ ಅಥವಾ ಜೇನು. ಮೊದಲೇ ಸಕ್ಕರೆ ಹಾಕಿದರೆ ಹುಳಿ ಸಿಹಿ ಎರಡೂ ಎದ್ದು ಕಾಣುತ್ತವೆ. ಬಣ್ಣ ಪೇಲವವಾಗಿದ್ದರೆ ಗೋಡಂಬಿ ಜಾಸ್ತಿಯಾಗಿರುತ್ತದೆ, ಇಲ್ಲವೇ ಮೆಣಸಿನಕಾಯಿ ಹಳತು. ಕೃತಕ ಬಣ್ಣಕ್ಕೆ ಕೈ ಹಾಕುವ ಅಗತ್ಯವೇ ಇಲ್ಲ.

ಕೆನೆ, ಕಸೂರಿ ಮೇಥಿ (ಒಣಗಿಸಿದ ಮೆಂತ್ಯ ಸೊಪ್ಪು) ಎರಡನ್ನೂ ಈ ಹಂತದಲ್ಲಿ ಹಾಕಬೇಡಿ. ಕರಿ ಮಾಡುವ ದಿನ, 250 ಗ್ರಾಂ ಗ್ರೇವಿಗೆ 3 ದೊಡ್ಡ ಚಮಚ ಕೆನೆ, ಬಿಸಿ ಕಾವಲಿಯಲ್ಲಿ ಕ್ಷಣಕಾಲ ಬೆಚ್ಚಗೆ ಮಾಡಿ ಅಂಗೈಯಲ್ಲಿ ಉಜ್ಜಿದ 1 ಚಿಕ್ಕ ಚಮಚ ಕಸೂರಿ ಮೇಥಿ ಸಾಕು. ಮೇಥಿ ಹೆಚ್ಚಾದರೆ ಕಹಿ.

ಬಿಳಿ ಗ್ರೇವಿ

ಮಲಾಯಿ ಕೋಫ್ತಾ, ನವರತ್ನ ಕುರ್ಮಾ, ಮೇಥಿ ಮಟರ್ ಮಲಾಯಿಗಳಿಗೆ ಇದು. ಅಪರೂಪಕ್ಕೆ ಬೇಕಾಗುವುದರಿಂದ ಕಡಿಮೆ ಮಾಡಿ. ಈರುಳ್ಳಿ 500 ಗ್ರಾಂ, ಗೋಡಂಬಿ 100 ಗ್ರಾಂ, ಕರಬೂಜದ ಬೀಜ 40 ಗ್ರಾಂ, ಹಸಿಮೆಣಸಿನಕಾಯಿ 3, ಏಲಕ್ಕಿ 4, ಗಟ್ಟಿ ಮೊಸರು 150 ಗ್ರಾಂ, ತುಪ್ಪ 3 ದೊಡ್ಡ ಚಮಚ.

ಈರುಳ್ಳಿಯನ್ನು ಮುಳುಗುವಷ್ಟು ನೀರಿನಲ್ಲಿ 10 ನಿಮಿಷ ಕುದಿಸಿ ಆ ನೀರನ್ನು ಚೆಲ್ಲಿ. ಘಾಟು, ಅತಿ ಸಿಹಿ ಎರಡೂ ಅದರ ಜೊತೆ ಹೋಗುತ್ತವೆ. ಹೊಸ ನೀರಿನಲ್ಲಿ ಗೋಡಂಬಿ, ಬೀಜ, ಮೆಣಸಿನಕಾಯಿ ಸೇರಿಸಿ 15 ನಿಮಿಷ ಬೇಯಿಸಿ, ತಣಿಸಿ, ಬೆಣ್ಣೆಯಷ್ಟು ನುಣ್ಣಗೆ ಅರೆಯಿರಿ. ತುಪ್ಪದಲ್ಲಿ ಏಲಕ್ಕಿ ಹಾಕಿ, ಅರೆದದ್ದನ್ನು ಸಣ್ಣ ಉರಿಯಲ್ಲೇ 12-15 ನಿಮಿಷ ಬಾಡಿಸಿ. ಬಣ್ಣ ಬದಲಾಗಬಾರದು, ಹಸಿ ವಾಸನೆ ಮಾತ್ರ ಹೋಗಬೇಕು. ಉರಿ ಕೊಂಚ ಏರಿದರೂ ಗೋಡಂಬಿ ತಳ ಹಿಡಿದು ಇಡೀ ಪಾತ್ರೆಗೆ ಸೀದ ವಾಸನೆ ಹತ್ತುತ್ತದೆ, ಅದನ್ನು ಸರಿಪಡಿಸಲು ದಾರಿಯಿಲ್ಲ.

ಮೊಸರು ಒಡೆಯದಿರಲು ಕೆನೆಭರಿತ, ಹುಳಿಯಿಲ್ಲದ ಮೊಸರಿಗೆ 1 ಚಿಕ್ಕ ಚಮಚ ಮೈದಾ ಅಥವಾ ಕಡಲೆ ಹಿಟ್ಟು ಹಾಕಿ ಕಡೆಯಿರಿ, ಅದಕ್ಕೆ ಒಂದು ಸೌಟು ಬಿಸಿ ಗ್ರೇವಿ ಬೆರೆಸಿ, ಒಲೆ ಆರಿಸಿದ ಪಾತ್ರೆಗೆ ಸುರಿಯಿರಿ. ಮತ್ತೆ ಸಣ್ಣ ಉರಿ ಹಚ್ಚಿ ಕುದಿ ಬರುವ ತನಕ ಕೈ ಬಿಡದೆ ತಿರುವಿ. ಅರಿಶಿನ, ದನಿಯಾ ಪುಡಿ ಬೇಡ. ಖಾರಕ್ಕೆ ಬಿಳಿ ಕಾಳುಮೆಣಸಿನ ಪುಡಿ.

ಇದೇ ಗ್ರೇವಿಗೆ ಅರ್ಧ ಚಮಚ ಅರಿಶಿನ ಹಾಕಿದ್ದನ್ನು ಕೆಲವು ಅಡುಗೆಮನೆಗಳಲ್ಲಿ ಹಳದಿ ಗ್ರೇವಿ ಎಂದು ಬೇರೆಯಾಗಿ ಇಡುತ್ತಾರೆ. ಮನೆಗೆ ಅದು ಬೇಕಿಲ್ಲ.

ಬ್ರಿಟನ್ನಿನ ಕರಿ ಹೋಟೆಲುಗಳ ಬೇಸ್

ಅಂತರಜಾಲದ ಪಾಕವಿಧಾನಗಳಲ್ಲಿ ಸಿಗುವ ನೀರುನೀರಾದ ಬೇಸ್, ಅಂದರೆ ಮೊದಲೇ ಮಾಡಿಡುವ ಮೂಲ ಗ್ರೇವಿ, ಇದು. 1 ಕೆಜಿ ಈರುಳ್ಳಿಗೆ ಒಂದು ಕ್ಯಾರೆಟ್, ಅರ್ಧ ದೊಣ್ಣೆಮೆಣಸಿನಕಾಯಿ, ಒಂದೆರಡು ಟೊಮೇಟೊ, ಶುಂಠಿ, ಬೆಳ್ಳುಳ್ಳಿ, 100 ಮಿಲಿ ಎಣ್ಣೆ, ಅರಿಶಿನ, ಸುಮಾರು 1.5 ಲೀಟರ್ ನೀರು. ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬೇಯಿಸಿ ಅರೆದು ಸೂಪಿನ ಹದಕ್ಕೆ ತೆಳುಗೊಳಿಸುತ್ತಾರೆ. ಇದರಲ್ಲಿ ಹುರಿತ ಇಲ್ಲ, ಆ ರುಚಿ ಬರುವುದು ಕೊನೆಯ ಹಂತದಲ್ಲಿ: ಪ್ಯಾನಿನಲ್ಲಿ ಬೆಳ್ಳುಳ್ಳಿ, ಮಸಾಲೆ, ಟೊಮೇಟೊ ಪೇಸ್ಟ್ ಹುರಿದು, ಬೇಸನ್ನು ಮೂರು ಸಲ ಸ್ವಲ್ಪಸ್ವಲ್ಪವೇ ಹಾಕಿ, ಜೋರು ಉರಿಯಲ್ಲಿ ಅಂಚಿಗೆ ಅಂಟಿ ಕೆಂಪಾಗಲು ಬಿಟ್ಟು ಕೆರೆದು ಬೆರೆಸುತ್ತಾರೆ. ಮನೆಯ ಒಲೆಯ ಉರಿ ಸಣ್ಣದಾದ್ದರಿಂದ ಒಂದು ಸಲಕ್ಕೆ ಒಬ್ಬಿಬ್ಬರಿಗೆ ಆಗುವಷ್ಟೇ ಮಾಡಬೇಕು, ಹೆಚ್ಚು ಸುರಿದರೆ ಬೇಯಿಸಿದ ಈರುಳ್ಳಿಯ ವಾಸನೆಯೇ ಉಳಿಯುತ್ತದೆ. ಕಡಾಯಿ ಪನೀರ್, ಚನಾ ಮಸಾಲಾ ಬೇಕೆನ್ನುವವರು ಈ ದಾರಿ ಹಿಡಿಯಬೇಕಿಲ್ಲ.

ಯಾವುದಕ್ಕೆ ಯಾವುದು

ಚನಾ ಮಸಾಲಾ, ರಾಜ್ಮಾ, ಮೊಟ್ಟೆ ಮಸಾಲಾ, ಮಶ್ರೂಮ್ ಮಸಾಲಾ, ಮನೆಯ ಶೈಲಿಯ ಕೋಳಿ ಕರಿ ಎಲ್ಲಕ್ಕೂ ಕಂದು. ಕಡಾಯಿ ಪನೀರ್‌ಗೂ ಅದೇ. ಜೊತೆಗೆ 1 ದೊಡ್ಡ ಚಮಚ ದನಿಯಾ, 3 ಒಣಮೆಣಸಿನಕಾಯಿ ಹುರಿದು ತರಿತರಿಯಾಗಿ ಕುಟ್ಟಿ ಹಾಕಬೇಕು. ಪನೀರ್ ಬಟರ್ ಮಸಾಲಾಗೆ ಕಂದು ಮತ್ತು ಮಖನಿ ಸಮಸಮ. ಟಿಕ್ಕಾ ಮಸಾಲಾಗೆ ಎರಡು ಪಾಲು ಕಂದು, ಒಂದು ಪಾಲು ಮಖನಿ. ಶಾಹಿ ಪನೀರ್‌ಗೆ ಬಿಳಿ. ತಿಳಿ ಕಿತ್ತಳೆ ಬಣ್ಣ ಇಷ್ಟವಿದ್ದರೆ ಕಾಲು ಪಾಲು ಮಖನಿ ಬೆರೆಸಿ. ಪಾಲಕ್ ಪನೀರ್‌ಗೆ ಕಂದು ಗ್ರೇವಿ ಎರಡು ಚಮಚ ಮೀರಬಾರದು, ಸೊಪ್ಪಿನ ಹಸಿರು ಮಂಕಾಗುತ್ತದೆ.

ಮಾಡಿಟ್ಟ ಗ್ರೇವಿ ಬಿಸಿ ಮಾಡಿ ಪನೀರ್ ಹಾಕಿದರೆ ಕರಿಯಾಗುವುದಿಲ್ಲ, ಹೊಸದೊಂದು ಒಗ್ಗರಣೆ ಬೇಕೇ ಬೇಕು. 2 ದೊಡ್ಡ ಚಮಚ ಎಣ್ಣೆಯಲ್ಲಿ ಜೀರಿಗೆ ಸಿಡಿಸಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ಸ್ವಲ್ಪ ಶುಂಠಿ ಬಾಡಿಸಿ, ಒಲೆಯಿಂದ ಇಳಿಸಿ ಅರ್ಧ ಚಮಚ ಮೆಣಸಿನ ಪುಡಿ ಹಾಕಿ, ಕೂಡಲೇ 250 ಗ್ರಾಂ ಗ್ರೇವಿ ಸೇರಿಸಿ ಮತ್ತೆ ಒಲೆಗಿಡಿ. ಎಣ್ಣೆ ಬಿಡುವ ತನಕ ಹುರಿದು 150 ಮಿಲಿ ಬಿಸಿನೀರು ಹಾಕಿ 5 ನಿಮಿಷ ಕುದಿಸಿ. ತಣ್ಣೀರು ಹಾಕಿದರೆ ಕುದಿ ನಿಂತು ಎಣ್ಣೆ ನೀರು ಬೇರೆಬೇರೆಯಾಗಿ ಕಾಣುತ್ತವೆ. ಉಪ್ಪು ಬೆರೆಸಿದ ಬೆಚ್ಚನೆ ನೀರಿನಲ್ಲಿ 10 ನಿಮಿಷ ನೆನೆಸಿದ ಪನೀರ್ ಕೊನೆಗೆ, ಅದರ ಮೇಲೆ ಅರ್ಧ ಚಮಚ ಗರಂ ಮಸಾಲೆ. ಪನೀರ್ ಹಾಕಿದ ಮೇಲೆ 2 ನಿಮಿಷಕ್ಕಿಂತ ಹೆಚ್ಚು ಕುದಿಸಿದರೆ ರಬ್ಬರಾಗುತ್ತದೆ.

ತೆಗೆದಿಡುವುದು

ಗ್ರೇವಿಯನ್ನು ಅಗಲ ತಟ್ಟೆಗೆ ಸುರಿದು ಬೇಗ ತಣಿಸಿ, ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಆಳದ ಪಾತ್ರೆಯಲ್ಲಿ ಬಿಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇದ್ದು ಹುಳಿ ಬರುತ್ತದೆ. ಫ್ರಿಜ್‌ನಲ್ಲಿ 3-4 ದಿನ, ಫ್ರೀಜರ್‌ನಲ್ಲಿ 3 ತಿಂಗಳು. 250 ಗ್ರಾಂನಂತೆ ಜಿಪ್ ಚೀಲಗಳಲ್ಲಿ ಚಪ್ಪಟೆಯಾಗಿ ಹರಡಿ, ಹೆಸರು ದಿನಾಂಕ ಬರೆದಿಡಿ. ಬೇಕಾದಾಗ ಅರ್ಧ ಗಂಟೆಯಲ್ಲಿ ಕರಗುತ್ತದೆ. ಬಿಳಿ ಗ್ರೇವಿಯನ್ನು ಮೊಸರು ಹಾಕುವ ಮೊದಲೇ ಫ್ರೀಜ್ ಮಾಡಬೇಕು. ಕರಗಿದಾಗ ಮಖನಿಯಾಗಲಿ ಬಿಳಿಯಾಗಲಿ ನೀರು ಬಿಟ್ಟು ತರಿಯಾಗಿ ಕಂಡರೆ ಕೆಟ್ಟಿದೆ ಎಂದುಕೊಳ್ಳಬೇಡಿ. ಎರಡು ಚಮಚ ಬಿಸಿನೀರು ಹಾಕಿ ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿದರೆ ಮತ್ತೆ ಕೂಡಿಕೊಳ್ಳುತ್ತದೆ. ಒಮ್ಮೆ ಕರಗಿಸಿದ್ದನ್ನು ಮತ್ತೆ ಫ್ರೀಜರ್‌ಗೆ ಹಾಕಬೇಡಿ.