ಚಾ ಅಂಗಡಿಯ ಮಾತು ಬೆಟಗೇರಿಗೆ ಮುಟ್ಟಲಿಲ್ಲ

ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಆಫೀಸಿನಲ್ಲಿ ಆರು ಜನ ಕೂರುತ್ತೇವೆ. ಇನ್ನೈವರು ಮನೆಯಿಂದಲೇ ಕೆಲಸ ಮಾಡುತ್ತಾರೆ: ಗದಗ-ಬೆಟಗೇರಿಯಲ್ಲಿ ಇಬ್ಬರು, ರಾಣೆಬೆನ್ನೂರಿನಲ್ಲಿ ಇಬ್ಬರು, ಧಾರವಾಡದಲ್ಲಿ ಒಬ್ಬರು. ವ್ಯಾಪಾರಿಗಳ ಬಿಲ್ಲು, ಜಿಎಸ್‌ಟಿ ಲೆಕ್ಕ ನೋಡುವ ಕೆಲಸ ನಮ್ಮದು. 2020ರ ಲಾಕ್‌ಡೌನ್‌ನಲ್ಲಿ ಎಲ್ಲರೂ ಮನೆಯಲ್ಲೇ ಇದ್ದಾಗ ಇಷ್ಟು ತೊಂದರೆ ಇರಲಿಲ್ಲ. ಅರ್ಧ ಜನ ಆಫೀಸಿಗೆ ವಾಪಸ್ ಬಂದ ಮೇಲೆಯೇ ಶುರುವಾಯಿತು.

ಒಂದು ಸಂಜೆ ಚಾ ಅಂಗಡಿಯಲ್ಲಿ ಮಿರ್ಚಿ ತಿನ್ನುತ್ತಾ, ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರ ಲೆಕ್ಕ ಹಳೆಯ ನಮೂನೆಯಲ್ಲೇ ಇರಲಿ ಎಂದು ಮಾತಾಡಿಕೊಂಡೆವು. ಬೆಟಗೇರಿಯ ಹುಡುಗಿಗೆ ಯಾರೂ ಹೇಳಲಿಲ್ಲ. ಅವಳು ಮತ್ತೆರಡು ದಿನ ಕೂತು ಎಲ್ಲ ಬಿಲ್ಲುಗಳನ್ನೂ ಹೊಸ ನಮೂನೆಗೆ ಹಾಕಿದ್ದಳು. ಗೊತ್ತಾದಾಗ ಫೋನಿನಲ್ಲಿ ಇಷ್ಟೇ ಅಂದಳು: "ಸರ್, ನೀವು ಚಾ ಕುಡ್ಯಾಗ ಆಡಿದ ಮಾತು ನನಗ ಹೆಂಗ ಗೊತ್ತಾಗಬೇಕ್ರಿ?"

ಆ ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮರುದಿನವೇ ಒಂದು ನಿಯಮ ಮಾಡಿದೆ. ಎಲ್ಲಿ ಮಾತಾಡಿದರೂ ಸರಿ, ಎಲ್ಲರಿಗೂ ಕಾಣುವ ಶೀಟಿನಲ್ಲಿ ಬರೆಯುವವರೆಗೂ ಅದು ತೀರ್ಮಾನ ಅಲ್ಲ. ಯಾವ ಗಿರಾಕಿ, ಏನು ಬದಲು, ಯಾಕೆ, ಯಾರು ಮಾಡಬೇಕು, ನಾಲ್ಕೇ ಸಾಲು. ಮೊದಲ ತಿಂಗಳು ನಾನೇ ಬರೆದೆ. ಸುಮ್ನೆ ಆದೇಶ ಹೊರಡಿಸಿದ್ದರೆ ಯಾರೂ ಬರೆಯುತ್ತಿರಲಿಲ್ಲ.

ಮೀಟಿಂಗ್ ರೀತಿಯನ್ನೂ ಬದಲಿಸಿದೆವು. ಮುಂಚೆ ಆರು ಜನ ಒಂದೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಿದ್ದೆವು. ಫ್ಯಾನ್ ಸದ್ದು, ನಮ್ಮ ಪಿಸುಮಾತು, ನಗು. ಆ ಕಡೆಯವರಿಗೆ ಅರ್ಧವೂ ಕೇಳಿಸುತ್ತಿರಲಿಲ್ಲ. ಈಗ ಒಬ್ಬರು ದೂರದಲ್ಲಿದ್ದರೂ ಎಲ್ಲರೂ ತಮ್ಮ ತಮ್ಮ ಜಾಗದಿಂದ ಹೆಡ್‌ಫೋನ್ ಹಾಕಿಕೊಂಡೇ ಸೇರುತ್ತೇವೆ. ಮೊದಲ ಮಾತು ಮನೆಯಲ್ಲಿರುವವರದು.

ಇದಕ್ಕಿಂತ ದೊಡ್ಡ ತಪ್ಪು ಕೆಲಸ ಹಂಚುವುದರಲ್ಲಿತ್ತು. ಆರು ತಿಂಗಳ ಪಟ್ಟಿ ತೆಗೆದು ನೋಡಿದೆ. ಹೊಸ ಗಿರಾಕಿಗಳೆಲ್ಲ ಆಫೀಸಿನವರಿಗೇ ಹೋಗಿದ್ದರು. ಕಣ್ಣೆದುರು ಇದ್ದವರ ಹೆಸರೇ ಮೊದಲು ಬಾಯಿಗೆ ಬರುತ್ತದೆ ಅಲ್ವಾ? ಈಗ ಪಟ್ಟಿ ನೋಡದೆ ಯಾರಿಗೂ ಕೆಲಸ ಕೊಡುವುದಿಲ್ಲ.

ಒಮ್ಮೆ ಬೆಟಗೇರಿಗೆ ಹೋಗಿ ಆ ಹುಡುಗಿಯ ಮನೆ ನೋಡಿ ಬಂದೆ. ಪಕ್ಕದ ಮನೆಯಲ್ಲಿ ಮಗ್ಗ. ಗೋಡೆಯ ಆಚೆಯಿಂದ ಲಟಕ್ ಲಟಕ್ ಸದ್ದು. ಅವಳ ಟೇಬಲ್ಲು ಅಡುಗೆಮನೆಯ ಬಾಗಿಲಿಗೆ ಹತ್ತಿಕೊಂಡೇ ಇತ್ತು. "ನಿಮ್ಮ ಕಡೆ ಭಾಳ ಗದ್ದಲ, ಮೈಕ್ ಬಂದ್ ಮಾಡ್ರಿ" ಎಂದು ನಾವು ಎಷ್ಟು ಸಲ ಅಂದಿದ್ದೆವು! ಅವಳು ಮಾತು ಕಡಿಮೆ ಮಾಡಿದ್ದು ಅದಕ್ಕೇ. ಸದ್ದು ತಡೆಯುವ ಒಳ್ಳೆಯ ಹೆಡ್‌ಫೋನ್ ಆಫೀಸಿನಿಂದಲೇ ಕೊಡಿಸಿದೆ.

ಎಲ್ಲರೂ ಆಫೀಸಿಗೆ ಬರುವುದು ತಿಂಗಳಿಗೆ ಒಂದೇ ದಿನ. 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತಿಂಗಳ ತೆರಿಗೆ ಲೆಕ್ಕದ 3ಬಿ ಸಲ್ಲಿಸುವ ಗಡಿಬಿಡಿ ಇರುತ್ತದೆ. ಹಾಗಾಗಿ 20 ಮುಗಿದ ಮೇಲೆಯೇ ಕರೆಯುತ್ತೇನೆ. ಬಸ್ಸಿನ ಖರ್ಚು ಆಫೀಸಿನದು. ಆವತ್ತು ಕಂಪ್ಯೂಟರ್ ಕೆಲಸ ಕಡಿಮೆ, ಮಾತು ಜಾಸ್ತಿ.

ಹೋದ ತಿಂಗಳು 20ನೇ ತಾರೀಖು ಸಂಜೆ ಬೆಟಗೇರಿಯಲ್ಲಿ ಕರೆಂಟ್ ಹೋಯಿತು. ಅವಳು ಮೊಬೈಲಿನಿಂದ "ಕರೆಂಟ್ ಇಲ್ಲ" ಎಂದಷ್ಟೇ ಹಾಕಿದಳು. ರಾಣೆಬೆನ್ನೂರಿನ ಹುಡುಗ ಶೀಟ್ ತೆಗೆದು, ಅವಳು ನಿಲ್ಲಿಸಿದ ಸಾಲಿನಿಂದಲೇ ಮುಂದುವರಿಸಿದ. ನನಗೆ ಯಾರ ಫೋನೂ ಬರಲಿಲ್ಲ.